ಚೊಗರು, ಮೈದಾ ಅಂಟು, ತುಕ್ಕಿನ ನೀರು: ನೋಟ್‌ಬುಕ್ ಹೊದಿಕೆಯ ಕೆಲಸ ಎಲ್ಲಿಗೆ ಬಂತು

ನವೆಂಬರ್, ಎರಡನೇ ವಾರ

ಊರಲ್ಲಿ ಅಡಿಕೆ ಸುಲಿಯುವ ಕೆಲಸ ಜೋರಾಗಿದೆ. ಅಂದರೆ ನನಗೆ ಬಣ್ಣದ ಸುಗ್ಗಿ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರು ಕುದಿದು ಕುದಿದು ಮಂದವಾದರೆ ಅದೇ ಚೊಗರು. ಅಡಿಕೆಗೆ ಬಣ್ಣ ಕೊಡಲು ಮನೆಯವರಿಗೂ ಬೇಕು, ಹಾಗಾಗಿ ಸುಮ್ನೆ ಸಿಗುವುದಿಲ್ಲ. ದೊಡ್ಡಮ್ಮನನ್ನು ಕಾಡಿ ಬೇಡಿ ಸ್ವಲ್ಪ ತಂದೆ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದವರು ಬಟ್ಟೆಗೆ ಬಣ್ಣ ಹಾಕಲು ಇದನ್ನೇ ಬಳಸುತ್ತಾರೆ. ನನ್ನದು ಅಷ್ಟು ದೊಡ್ಡ ಆಟವಲ್ಲ. ಕೈಯಲ್ಲಿ ಹೊಲಿಯುವ ನೋಟ್‌ಬುಕ್‌ಗಳ ಹೊದಿಕೆಗೆ ಕಾಗದ, ಬೆನ್ನಿಗೆ ಬಟ್ಟೆ, ಅಷ್ಟೇ.

ನವೆಂಬರ್ ಕೊನೆ

ಕಾಗದದಿಂದ ಶುರು. ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದವೇ ಬೇಕು. ಮಾಮೂಲಿ ಬಿಳಿ ಹಾಳೆ ಒದ್ದೆಯಾದ ಕೂಡಲೇ ಸುಸ್ತಾಗುತ್ತದೆ.

ಬಣ್ಣ ಬೆರೆಸುವ ಅಂಟಿಗೆ ಒಂದು ಲೋಟ ಮೈದಾ, ಏಳೆಂಟು ಲೋಟ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿ. ಆರಿದ ಮೇಲೆ ಚೊಗರು ಬೆರೆಸಿದೆ. ಹಾಳೆಯನ್ನು ನೀರಲ್ಲಿ ನೆನೆಸಿ, ಫಾರ್ಮಿಕಾ ಹಲಗೆಯ ಮೇಲೆ ಹಾಸಿ, ಬಣ್ಣದ ಅಂಟನ್ನು ಬ್ರಷ್‌ನಲ್ಲಿ ಬಳಿದು, ಒಣಗುವ ಮೊದಲೇ ಬಾಚಣಿಗೆ ಎಳೆಯಬೇಕು. ಹಲ್ಲು ಕೆರೆದಲ್ಲಿ ಕಾಗದದ ಬಿಳಿ ಇಣುಕುತ್ತದೆ, ಪಕ್ಕಕ್ಕೆ ಸರಿದ ಅಂಟು ಏರಿಯಂತೆ ಉಬ್ಬಿ ನಿಂತು ಗಾಢವಾಗುತ್ತದೆ. ಒಂದೇ ಬಣ್ಣ, ಆದರೆ ಮೂರು ಛಾಯೆ! ಬಾಚಣಿಗೆಗಿಂತ ತೆಂಗಿನ ನಾರಿನ ಉಂಡೆ ನನಗೆ ಜಾಸ್ತಿ ಹಿಡಿಸಿತು. ಗೆರೆಗಳು ಅಷ್ಟು ಶಿಸ್ತಾಗಿ ಬರುವುದಿಲ್ಲ.

ಈ ವಿದ್ಯೆ ಹಳೆಯದು. 18ನೇ ಶತಮಾನದಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಹೆಂಗಸರು ಇಂಥ ಅಂಟುಬಣ್ಣದ ಕಾಗದ ಮಾಡಿ ಹೆಸರಾಗಿದ್ದರು. ನಮ್ಮ ಕಡೆ ರಟ್ಟು ಕಟ್ಟುವವರು ಹುಳ ಬೀಳದಿರಲಿ ಎಂದು ಅಂಟಿಗೆ ಚೂರು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ. ನಾನೂ ಹಾಕಿದೆ. ವಿಷ ಅದು, ಅಡುಗೆ ಪಾತ್ರೆಗೆ ತಾಗಿಸಬೇಡಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲಿ ಇದ್ದೇ ಇರುತ್ತದಲ್ವಾ.

ಡಿಸೆಂಬರ್

ಬಟ್ಟೆಯ ಸ್ವಭಾವವೇ ಬೇರೆ. ಕಾಗದದಲ್ಲಿ ಅಂಟು ಬಣ್ಣವನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ, ಬಟ್ಟೆಯಲ್ಲಿ ಅದು ನೂಲಿನೊಳಗೆ ಇಳಿದುಬಿಡುತ್ತದೆ. ಹಾಗಾಗಿ ಮೊದಲು ಸುಕ್ಕು, ಆಮೇಲೆ ಬಣ್ಣ. ಅಪ್ಪನ ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಗ್ಗದಂತೆ ಹುರಿಗೊಳಿಸಿ, ದಾರ ಸುತ್ತಿ ಬಿಸಿ ಚೊಗರಿನಲ್ಲಿ ಅದ್ದಿದೆ. ಕಟ್ಟು ಬಿಚ್ಚದೆ ಒಣಗಿಸಿದೆ. ಒಣಗಲು ತುಂಬಾ ಹೊತ್ತು ಬೇಕು, ಆದರೆ ಅವಸರ ಮಾಡಿದರೆ ಮಡಿಕೆ ನಿಲ್ಲುವುದಿಲ್ಲ.

ಈಗ ತುಕ್ಕಿನ ನೀರು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಹಾಕಿ ಇಟ್ಟಿದ್ದೆ. ಚೊಗರಿನಲ್ಲಿ ಒಗರಿನ ಅಂಶ ತುಂಬಾ ಇದೆ, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಳೇ ಕಾಲದ ಶಾಯಿ, ಕಲಂಕಾರಿ ಬಟ್ಟೆಚಿತ್ರದ ಕಪ್ಪು, ಎಲ್ಲದರ ಗುಟ್ಟೂ ಇದೇ. ಒಣ ಬ್ರಷ್‌ನಲ್ಲಿ ಉಬ್ಬಿದ ಮಡಿಕೆಗಳಿಗೆ ಮಾತ್ರ ತಾಗಿಸಿದೆ. ಕಂದು ಬಟ್ಟೆಯ ಮೇಲೆ ಕಣ್ಣೆದುರೇ ಬೂದುಗಪ್ಪು ಗೆರೆಗಳು ಎದ್ದವು. ದೊಡ್ಡಮ್ಮ ಬಂದು ನೋಡಿ, "ಒಳ್ಳೇ ಪಂಚೆಗೆ ಗೆದ್ದಲು ಹತ್ತಿದ ಹಾಗಿದ್ಯಲ್ಲೇ" ಅಂದರು. ನನಗೆ ಬೇಕಾದದ್ದೂ ಅದೇ. ಕಬ್ಬಿಣ ಜಾಸ್ತಿಯಾದರೆ ಕಾಲಕ್ರಮದಲ್ಲಿ ನೂಲು ಪುಡಿಯಾಗುತ್ತದೆ, ಆದ್ದರಿಂದ ಸ್ವಲ್ಪವೇ ಹಾಕಿ ಚೆನ್ನಾಗಿ ತೊಳೆಯಬೇಕು.

ಅರಿಶಿನವನ್ನೂ ಪ್ರಯತ್ನಿಸಿದೆ. ಸುಣ್ಣದ ತಿಳಿ ಚಿಮುಕಿಸಿದರೆ ಓಕುಳಿಯ ಕೆಂಪು ಚುಕ್ಕೆಗಳು, ಅದರ ಮೇಲೆ ನಿಂಬೆರಸ ಬಿದ್ದರೆ ಮತ್ತೆ ಹಳದಿ. ಆಟಕ್ಕೆ ಚೆನ್ನ. ಆದರೆ ಬಿಸಿಲಿಗೆ ಅರಿಶಿನ ಮಾಸುತ್ತದೆ, ಹೊರಗಿನ ಹೊದಿಕೆಗೆ ಬೇಡ. ರಟ್ಟಿನ ಒಳಮೈಗೆ ಅಂಟಿಸುವ ಹಾಳೆಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಈಗ ಎಲ್ಲಿದ್ದೇನೆ

ಒಣಗಿದ ಕಾಗದಗಳು ಸುರುಳಿಯಾಗಿವೆ. ಹಿಂಬದಿಗೆ ತುಸು ನೀರು ಚಿಮುಕಿಸಿ ದಪ್ಪ ಪುಸ್ತಕಗಳ ಕೆಳಗೆ ಇಟ್ಟಿದ್ದೇನೆ. ಬಟ್ಟೆಯ ಹಿಂದೆ ತೆಳು ಕಾಗದ ಅಂಟಿಸಬೇಕು, ಇಲ್ಲದಿದ್ದರೆ ರಟ್ಟಿಗೆ ಹಚ್ಚುವಾಗ ಅಂಟು ನೇಯ್ಗೆಯಿಂದ ಹೊರಗೆ ಬರುತ್ತದೆ. ಬಟ್ಟೆಗೆ ಇಸ್ತ್ರಿ ಹಾಕುವಂತಿಲ್ಲ, ಸುಕ್ಕೆಲ್ಲ ಹೋಗುತ್ತದೆ. ಉಳಿದ ಚೊಗರನ್ನು ಹೊಲಿಗೆ ದಾರಕ್ಕೆ ಇಟ್ಟಿದ್ದೇನೆ.