ಹಾಲೆಂಡಿನಲ್ಲಿ ಸೈಕಲ್ ರಿಪೇರಿ: ಹಿಂದಿನ ಚಕ್ರ ಬಿಚ್ಚದೆ ಮಾಡುವ ಕೆಲಸ

ನೆದರ್‌ಲೆಂಡ್ಸ್‌ನಲ್ಲಿ ಜನ ಸುಮಾರು 1.8 ಕೋಟಿ, ಸೈಕಲ್ ಸುಮಾರು 2.3 ಕೋಟಿ. ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲೇ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಇಷ್ಟು ಕೇಳಿ ಮೆಕ್ಯಾನಿಕ್ ಕೆಲಸವೆಂದರೆ ಹಗುರವಾದ ರೇಸ್ ಸೈಕಲ್ ಎಂದುಕೊಂಡರೆ ತಪ್ಪು. ಸ್ಟ್ಯಾಂಡಿಗೆ ಏರುವುದು ಹೆಚ್ಚಾಗಿ ನಮ್ಮ ಹಳೇ ಅಟ್ಲಾಸ್, ಹೀರೋಗಳ ದಾಯಾದಿಗಳೇ: ಭಾರದ ಫ್ರೇಮು, ಪೂರಾ ಚೈನ್ ಕವರ್, ಡನ್‌ಲಪ್ ವಾಲ್ವು. ವರ್ಷವಿಡೀ ಮಳೆಯಲ್ಲಿ ನೆನೆದು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ತಿಂದ ಗಾಡಿಗಳು.

ಹಿಂದಿನ ಚಕ್ರ ಬಿಚ್ಚಬೇಕೆಂದರೆ ಚೈನ್ ಕವರ್, ಗೇರ್ ಕೇಬಲ್, ಬ್ರೇಕಿನ ತೋಳು ಎಲ್ಲವನ್ನೂ ಕಳಚಬೇಕು. ಕೂಲಿ ದುಬಾರಿಯಾದ ಊರಿನಲ್ಲಿ ಪಂಕ್ಚರಿಗಾಗಿ ಅಷ್ಟು ಹೊತ್ತು ಕಳೆಯುವವರಿಲ್ಲ. ಚೈನ್ ಇಲ್ಲದ ಎಡಬದಿಯಿಂದ ಟೈರಿನ ಅಂಚು ಎಬ್ಬಿಸಿ, ವಾಲ್ವಿನ ನಟ್ಟು ತೆಗೆದು ಟ್ಯೂಬನ್ನು ಹೊರಗೆಳೆದರೆ ಸಾಕು. ಚಕ್ರ ಇದ್ದಲ್ಲೇ ಇರುತ್ತದೆ. ತೂತಿನ ಸುತ್ತ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ ಐದು ನಿಮಿಷ ಬಿಡಬೇಕು. ಹಸಿಯಿರುವಾಗಲೇ ಪ್ಯಾಚ್ ಒತ್ತಿದರೆ ಒಳಗಿನ ದ್ರಾವಕ ಆರಲು ದಾರಿಯಿಲ್ಲದೆ ಅಂಚು ಏಳುತ್ತದೆ. ಅವಸರದವರ ಪ್ಯಾಚುಗಳು ಕೀಳುವುದು ಇದಕ್ಕೇ.

ಪ್ಯಾಚ್ ಹಾಕುವ ಮೊದಲು ತೂತು ಎಲ್ಲಿದೆ ಎಂದು ನೋಡಿ. ಹೊರಮೈಯಲ್ಲಿದ್ದರೆ ಗಾಜು ಅಥವಾ ಮುಳ್ಳು; ಟೈರಿನ ಒಳಗೆ ಬೆರಳಾಡಿಸಿ ಆ ಚೂರನ್ನು ತೆಗೆಯದಿದ್ದರೆ ಮರುದಿನ ಅದೇ ಗಿರಾಕಿ ಬಾಗಿಲಲ್ಲಿರುತ್ತಾರೆ. ರಿಮ್ಮಿನ ಕಡೆಗಿದ್ದರೆ ರಿಮ್ ಟೇಪು ಸರಿದು ಕಡ್ಡಿಯ ತುದಿಯ ನಿಪ್ಪಲ್ ಚುಚ್ಚಿದೆ. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿದ್ದು ಫುಟ್‌ಪಾತ್ ಅಂಚಿಗೆ ಬಡಿದಿದೆ. ತೂತೇ ಸಿಗದಿದ್ದರೆ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ನೋಡಿ.

ಟೈರನ್ನೇ ಬದಲಿಸಬೇಕಾದಾಗ ಒಂದು ಸೊಗಸಾದ ಸಾಧನವಿದೆ, ಫ್ರೇಮ್ ಅಗಲಿಸುವ ಸ್ಪ್ರೆಡರ್. ಎಡಬದಿಯ ಆಕ್ಸಲ್ ನಟ್ಟು ಮತ್ತು ಬ್ರೇಕ್ ತೋಳಿನ ಬೋಲ್ಟು ತೆಗೆದು, ಫ್ರೇಮಿನ ಎಡಗಾಲನ್ನು ಸ್ವಲ್ಪ ಹಿಗ್ಗಿಸಿ, ಆ ಸಂದಿನಿಂದ ಹಳೇ ಟೈರು ಎಳೆದು ಹೊಸದನ್ನು ನುಗ್ಗಿಸುವುದು. ಗೇರು, ಚೈನು ಯಾವುದೂ ಅಲುಗುವುದಿಲ್ಲ. ನಮ್ಮೂರಿನ ಅಂಗಡಿಗಳಿಗೂ ಇದೊಂದು ಬೇಕಿತ್ತು!

ಗೇರು ಜಾರುತ್ತದೆ ಎಂದು ಬಂದ ಶಿಮಾನೋ ನೆಕ್ಸಸ್ 8 ಹಬ್ಬನ್ನು (ಎಂಟು ಗೇರು ಒಳಗೇ ಅಡಗಿರುವ, ಹಿಂದಿನ ಚಕ್ರದ ನಡುಭಾಗ) ಬಿಚ್ಚಲು ಹೋಗಬೇಡಿ. ಬಹುತೇಕ ಕೇಬಲ್ ಎಳೆದುಕೊಂಡಿರುತ್ತದೆ. ಶಿಫ್ಟರನ್ನು 4ರಿಂದ 1ಕ್ಕೆ ಒಯ್ದು ಮತ್ತೆ 4ಕ್ಕೆ ತನ್ನಿ. ಹಬ್ಬಿನ ಮೇಲಿನ ಎರಡು ಹಳದಿ ಗೆರೆಗಳು ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಅಡ್ಜಸ್ಟರ್ ತಿರುಗಿಸಿ ಕೂಡಿಸಿ. ಆಕ್ಸಲ್ ನಟ್ಟು 30ರಿಂದ 45 ನ್ಯೂಟನ್ ಮೀಟರ್ ಬಿಗಿ.

ಹಿಂದಿನ ಕ್ಯಾರಿಯರ್ ಮೇಲೆ ಮಗು, ಎರಡೂ ಕಡೆ ದಿನಸಿ ಚೀಲ ಹೊರುವ ಗಾಡಿಯಲ್ಲಿ ಚಕ್ರದ ಕಡ್ಡಿ ಮುರಿಯುವುದು ಮಾಮೂಲು, ಅದೂ ಹಬ್ಬಿನ ಬಳಿಯ ಬಾಗಿನಲ್ಲಿ. ಭಾರ ಮಾತ್ರ ಕಾರಣವಲ್ಲ. ಕಡ್ಡಿ ಸಡಿಲವಿದ್ದರೆ ಪ್ರತಿ ಸುತ್ತಿಗೂ ಅದರ ಬಿಗಿ ತೀರಾ ಇಳಿದು ಏರಿ, ಕೊನೆಗೆ ಲೋಹ ದಣಿಯುತ್ತದೆ. ಮುರಿದದ್ದೊಂದನ್ನು ಹಾಕಿ ಬೆಂಡ್ ತೆಗೆದು ಕಳಿಸಿದರೆ ವಾರದಲ್ಲಿ ಪಕ್ಕದ್ದು ಹೋಗುತ್ತದೆ. ಎಲ್ಲವನ್ನೂ ಮುಟ್ಟಿ ಬಿಗಿ ಸರಿಗೂಡಿಸಿ.

ಎಲೆಕ್ಟ್ರಿಕ್ ಸೈಕಲ್ ಬಂದ ಮೇಲೆ ಕೆಲಸ ಬದಲಾಗಿದೆ, ಅದರಲ್ಲೂ ಮೋಟಾರು ಪೆಡಲಿನ ಬಳಿ ಇರುವಂಥವು. ಅದರ ಎಳೆತವೆಲ್ಲ ಚೈನಿನ ಮೇಲೆ, ಬೇಗ ಸವೆಯುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿನ ಗಾಡಿಗಳಲ್ಲಿ, ಚೈನು ಎಷ್ಟು ಹಿಗ್ಗಿದೆ ಎಂದು ಅಳೆಯುವ ಗೇಜು ಶೇಕಡಾ 0.75 ತೋರಿಸುವ ಹೊತ್ತಿಗೆ ಚೈನು ಬದಲಿಸಿ, 11-12 ಸ್ಪೀಡಿನದಾದರೆ 0.5ಕ್ಕೇ. ತಡಮಾಡಿದರೆ ಹಲ್ಲುಚಕ್ರವೂ ಹೋಗುತ್ತದೆ.

ಅಲ್ಲಿ ಈ ಕೆಲಸ ಕಲಿಯಲು ದಾರಿಯಿದೆ: ವಾರದಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ಅಂಗಡಿ, ಒಂದು ದಿನ ಶಾಲೆ. ಡಚ್ ಬಾರದೆ ಆಗದು, ಏಕೆಂದರೆ ಗಿರಾಕಿ ತರುವುದು ಬರೀ ಸದ್ದಿನ ವರ್ಣನೆ. ಈ ಕೆಲಸದ ಹುಚ್ಚು ಹಿಡಿದವರಿಗೆ ರುಚಿ ಹತ್ತುವುದೂ ಅಲ್ಲೇ. ಪೆಡಲ್ ಸುತ್ತಿಗೊಮ್ಮೆ ‘ಕಟ್’ ಎಂದರೆ ಮೊದಲು ಪೆಡಲ್, ಅದರ ತೋಳಾದ ಕ್ರ್ಯಾಂಕ್, ಆ ತೋಳುಗಳು ತಿರುಗುವ ಬೇರಿಂಗ್ ಇರುವ ಬಾಟಮ್ ಬ್ರ್ಯಾಕೆಟ್ ನೋಡಿ. ಪೆಡಲ್ ನಿಲ್ಲಿಸಿದಾಗಲೂ ಸದ್ದು ಬಂದರೆ ಚಕ್ರಕ್ಕೆ ಕೈ ಹಾಕಿ. ಎದ್ದು ನಿಂತು ತುಳಿದಾಗ ಸದ್ದೇ ಇಲ್ಲವೆಂದರೆ ಸೀಟಿನ ಕಂಬ ತೆಗೆದು ಒರೆಸಿ, ಗ್ರೀಸ್ ಹಚ್ಚಿ.