ಅಪ್ಪಯ್ಯನಿಗೆ ಮಾತು ಕೇಳಬೇಕಿತ್ತು

ನಮ್ಮ ಮನೆಗೆ ಹೋಮ್ ಥಿಯೇಟರ್ ರಿಸೀವರ್, ಅಂದರೆ ಟಿವಿಯ ದನಿಯನ್ನು ಬೇರೆ ಬೇರೆ ಸ್ಪೀಕರ್‌ಗಳಿಗೆ ಹಂಚಿ ನುಡಿಸುವ ಪೆಟ್ಟಿಗೆ, ತರಬೇಕು ಅಂತ ಅನ್ನಿಸಿದ್ದು ಸಿನಿಮಾ ಹುಚ್ಚಿನಿಂದಲ್ಲ. ಅಪ್ಪಯ್ಯನಿಗೆ ಟಿವಿಯ ಮಾತು ತಿಳಿಯುತ್ತಿರಲಿಲ್ಲ. ದನಿ ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತವೂ ಜೊತೆಗೇ ಏರುತ್ತದೆ, ಗದ್ದಲ ಜಾಸ್ತಿ ಆಗುತ್ತದೆ ಅಷ್ಟೇ. "ಅಂವ ಎಂತ ಹೇಳ್ದ?" ಅಂತ ಆಯಿಯನ್ನು ಕೇಳುವುದು, ಆಯಿ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಎರಡು ಮಾತು ತಪ್ಪಿಹೋಗುವುದು. ಆಮೇಲೆ ಕೇಳುವುದನ್ನೇ ಬಿಟ್ಟರು. ಸುಮ್ನೆ ಚಿತ್ರ ನೋಡುತ್ತಾ ಕೂತಿರುತ್ತಿದ್ದರು. ನನಗೆ ಅದು ನೋಡಲಾಗಲಿಲ್ಲ.

ತಪ್ಪು ಅವರ ಕಿವಿಯದ್ದೊಂದೇ ಅಲ್ಲ. ಈಗಿನ ಟಿವಿಗಳು ತೆಳ್ಳಗೆ. ಸ್ಪೀಕರ್ ಎಂಬುದು ಕೆಳಗಡೆ ಎಲ್ಲೋ ಇರುತ್ತದೆ, ದನಿ ನೆಲಕ್ಕೆ ಹೊಡೆದು ಬರುತ್ತದೆ. ಅದರ ಮೇಲೆ ಶಿರಸಿಯ ಮಳೆಗಾಲ. ನಮ್ಮದು ಹಂಚಿನ ಮನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಎದುರು ಕೂತವರ ಮಾತೇ ಕೇಳುವುದಿಲ್ಲ, ಇನ್ನು ಟಿವಿಯ ಮಾತು ಎಲ್ಲಿಂದ?

ಕೈಯಲ್ಲಿದ್ದದ್ದು ಐವತ್ತು ಸಾವಿರ. ಅದರೊಳಗೆ ರಿಸೀವರ್, ಸ್ಪೀಕರ್, ವೈರು ಎಲ್ಲಾ ಆಗಬೇಕು. ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪಟ್ಟಿ, ತಂದರೆ ಆಗದಾ ಅಂತ ಹಲವರು ಕೇಳಿದರು. ಬಹಳ ಮನೆಗಳಿಗೆ ಅದೇ ಸರಿ. ಆದರೆ ಅದರಲ್ಲಿ ಒಂದು ಭಾಗ ಕೆಟ್ಟರೆ ಇಡೀ ಪಟ್ಟಿಯೇ ಮೂಲೆಗೆ. ರಿಸೀವರ್ ಇದ್ದರೆ ಇವತ್ತು ಮೂರು ಸ್ಪೀಕರ್, ಮುಂದಿನ ವರ್ಷ ಇನ್ನೆರಡು, ಹೀಗೆ ಕೂಡಿಸುತ್ತಾ ಹೋಗಬಹುದು. ರಿಸೀವರ್ ಕೆಟ್ಟರೂ ಸ್ಪೀಕರ್ ಉಳಿಯುತ್ತವೆ. ಅಡಿಕೆ ಮಾರಿದಾಗಷ್ಟೇ ಕೈಯಲ್ಲಿ ದುಡ್ಡು ಓಡಾಡುವ ನಮ್ಮಂಥವರಿಗೆ ಈ ಲೆಕ್ಕವೇ ಹೊಂದುತ್ತದೆ.

ಬೆಂಗಳೂರಲ್ಲಿರುವ ಭಾವ ಮಾತ್ರ ಹಳೆಯದನ್ನೇ ತಗೊ ಅಂದ. ಅವನ ಗೆಳೆಯನ ಹತ್ತಿರ ಹಳೆಯ 7.1 ರಿಸೀವರ್ (ಏಳು ಸ್ಪೀಕರ್, ಒಂದು ಸಬ್‌ವೂಫರ್ ಜೋಡಿಸುವಂಥದ್ದು) ಒಂದಿತ್ತು, ಹೊಸದರ ಅರ್ಧ ರೇಟಿಗೆ ಸಿಗುತ್ತಿತ್ತು. ಅವನ ಮಾತಲ್ಲಿ ಹುರುಳಿತ್ತು. ಹಳೆಯ ರಿಸೀವರ್ 4ಕೆ ಚಿತ್ರ ದಾಟಿಸದೇ ಇದ್ದರೂ ತೊಂದರೆಯಿಲ್ಲ, ಚಿತ್ರ ನೇರ ಟಿವಿಗೆ ಹೋಗಲಿ, ದನಿ ಮಾತ್ರ ಎಆರ್‌ಸಿ, ಅಂದರೆ ಟಿವಿಯಿಂದ ದನಿಯನ್ನು ವಾಪಸ್ ಕಳಿಸುವ ದಾರಿ, ಅದರ ಮೂಲಕ ರಿಸೀವರ್‌ಗೆ ಬರಲಿ. ಟಿವಿಯ ಹಿಂದೆ, ಚಿತ್ರ ದನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ವೈರು ಸಿಕ್ಕಿಸುವ ಒಂದು ಕಿಂಡಿಯ ಪಕ್ಕ ಎಆರ್‌ಸಿ ಅಂತ ಬರೆದಿರುತ್ತದಲ್ಲ, ಅದೇ. 2009ರ ಎಚ್‌ಡಿಎಂಐ 1.4ರಿಂದ ಬಂದದ್ದು. ನಾನು ಹಿಂಜರಿದದ್ದು ಬೇರೆ ಕಾರಣಕ್ಕೆ. ಹಳೆ ರಿಸೀವರ್‌ಗಳಲ್ಲಿ ಎಚ್‌ಡಿಎಂಐ ಬೋರ್ಡೇ ಮೊದಲು ಕೈಕೊಡುವುದು ಹೆಚ್ಚು. ನಮ್ಮ ಕಡೆ ಸಿಡಿಲು ಬೇರೆ. ಗ್ಯಾರಂಟಿ ಇಲ್ಲದ ಪೆಟ್ಟಿಗೆಯನ್ನು ರಿಪೇರಿಗೆ ಅಂತ ಊರೂರು ಹೊತ್ತು ತಿರುಗುವುದು ನನ್ನಿಂದಾಗದ ಕೆಲಸ. ಹೊಸದೇ ಇರಲಿ, ಆದರೆ ಚಿಕ್ಕದಿರಲಿ ಅಂತ ತೀರ್ಮಾನಿಸಿದೆ.

ಮೇ ತಿಂಗಳ ಒಂದು ದಿನ ಬೆಳಿಗ್ಗೆ ಅಪ್ಪಯ್ಯನನ್ನೂ ಕೂರಿಸಿಕೊಂಡು ಮುಂಡಗೋಡ ದಾರಿಯಲ್ಲಿ ಹುಬ್ಬಳ್ಳಿಗೆ ಹೊರಟೆ. ಕೇಳಬೇಕಾದವರು ಅವರು, ಅವರ ಕಿವಿಯೇ ಅಂಗಡಿಗೆ ಬರಬೇಕು ಅಂತ ನನ್ನ ಹಟ. ಜೇಬಲ್ಲಿ ಒಂದು ಪೆನ್‌ಡ್ರೈವ್, ಅದರಲ್ಲಿ ಅವರಿಗಿಷ್ಟವಾದ ತಾಳಮದ್ದಳೆ.

ಅಂಗಡಿಯ ಹುಡುಗ ಒಳ್ಳೆಯವನು. ಪ್ರೀತಿಯಿಂದ ಕೂರಿಸಿ, ತಲೆಯ ಮೇಲಿನಿಂದಲೂ ದನಿ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಕೇಳಿಸಿದ. ಮಳೆ ತಲೆಯ ಮೇಲೇ ಬಿದ್ದಂತಾಯಿತು, ಗುಡುಗು ಹಿಂದಿನಿಂದ ಬಂತು. ಅಪ್ಪಯ್ಯ ನಿಜವಾಗಿ ಮೇಲೆ ನೋಡಿದರು. ಅಟ್ಮಾಸ್ ಥಿಯೇಟರ್‌ಗೆ ಬಂದದ್ದು 2012ರಲ್ಲಿ, ಮನೆಗೆ 2014ರಲ್ಲಿ. ಈಗ ನಮ್ಮ ಬಜೆಟ್ಟಿನ ಅಂಚಿಗೂ ಬಂದು ನಿಂತಿದೆ. ಆದರೆ ಕಡಿಮೆ ಖರ್ಚಿನ ಅಟ್ಮಾಸ್ ಎಂದರೆ ಸ್ಪೀಕರ್ ಮೇಲ್ಮುಖವಾಗಿ ಇಟ್ಟು, ದನಿ ಛಾವಣಿಗೆ ತಾಗಿ ಕೆಳಗೆ ಬರುವಂತೆ ಮಾಡುವುದು. ಅದಕ್ಕೆ ಸಪಾಟಾದ, ಗಟ್ಟಿ ಛಾವಣಿ ಬೇಕು. ನಮ್ಮ ಹಾಲ್‌ಗೆ ಮುಚ್ಚಿಗೆ ಇಲ್ಲ, ತಲೆ ಎತ್ತಿದರೆ ಇಳಿಜಾರು ಮಾಡು, ಪಕಾಸು, ರೀಪು, ಹಂಚು. ದನಿ ಎಲ್ಲಿಗೋ ಹೋಗಿ ಎಲ್ಲಿಗೋ ಚದುರುತ್ತದೆ. ಸ್ಲ್ಯಾಬ್ ಮನೆಯವರು ಬೇಕಾದರೆ ಯೋಚಿಸಲಿ. ಹಂಚಿನ ಮನೆಯವರು ಆ ದುಡ್ಡನ್ನು ಎದುರಿನ ಸ್ಪೀಕರ್‌ಗೆ ಹಾಕುವುದು ಒಳ್ಳೆಯದು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಆಮೇಲೆ ವ್ಯಾಟ್ ಮಾತು. ಒಂದೊಂದು ಡಬ್ಬದ ಮೇಲೂ ಒಂದೊಂದು ದೊಡ್ಡ ಸಂಖ್ಯೆ. ಹಿಂದೆ ಟೇಪ್‌ರೆಕಾರ್ಡರ್ ಮೇಲೆ ಸಾವಿರಗಟ್ಟಲೆ ಪಿಎಂಪಿಒ ಅಂತ, ಉಬ್ಬಿಸಿದ ವ್ಯಾಟ್ ಲೆಕ್ಕ ಬರೆಯುತ್ತಿದ್ದ ಕಾಲ ನೆನಪಿರಬಹುದು. ಈಗ ಅಷ್ಟು ಕೆಟ್ಟದಾಗಿಲ್ಲ, ಆದರೂ ಸಣ್ಣ ಅಕ್ಷರ ಓದಬೇಕು. ಒಂದೇ ಚಾನೆಲ್ (ಒಂದು ಸ್ಪೀಕರ್‌ಗೆ ಹೋಗುವ ದನಿಯ ದಾರಿ), ಒಂದು ಕಿಲೋಹರ್ಟ್ಸ್‌ನ ಒಂದೇ ಸ್ವರ, ಆರು ಓಮ್, ದನಿ ಸೀಳಿದರೂ ಪರವಾಗಿಲ್ಲ ಅಂತ ಅಳೆದರೆ ದೊಡ್ಡ ಸಂಖ್ಯೆ ಸಿಗುತ್ತದೆ. ಎರಡು ಚಾನೆಲ್ ಒಟ್ಟಿಗೆ ಓಡಿಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇಕಡಾ 0.1ಕ್ಕಿಂತ ಕಡಿಮೆ ವಿಕಾರದಲ್ಲಿ ಅಳೆದರೆ ನಿಜದ ಸಂಖ್ಯೆ. ಅದೇ ಪೆಟ್ಟಿಗೆ ಮೊದಲ ಅಳತೆಯಲ್ಲಿ 100 ವ್ಯಾಟ್, ಎರಡನೆಯದರಲ್ಲಿ 70. ಇನ್ನೊಂದು ವಿಷಯ. ವ್ಯಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು, 86ರ ಬದಲು 89 ಡೆಸಿಬಲ್ ಇರುವಂಥದ್ದನ್ನು ಆರಿಸಿದರೆ ರಿಸೀವರ್‌ನ ಶಕ್ತಿಯನ್ನು ಎರಡು ಪಟ್ಟು ಮಾಡಿದ ಹಾಗೆಯೇ ಆಯಿತು. ಅಲ್ಲಿಗೆ 70 ವ್ಯಾಟ್ ನಮ್ಮ ಹಾಲ್‌ಗೆ ಧಾರಾಳ.

ಪೆನ್‌ಡ್ರೈವ್ ಕೊಟ್ಟೆ. ರಿಸೀವರ್‌ನ ಮುಂದೆಯೇ ಯುಎಸ್‌ಬಿ ಕಿಂಡಿ ಇತ್ತು. ಮೊದಲು ಎರಡೇ ಸ್ಪೀಕರ್‌ನಲ್ಲಿ ಹಾಕಿಸಿದೆ. ಅಪ್ಪಯ್ಯನನ್ನು ನಡುವೆ ಕೂರಿಸದೆ ಎಡಗಡೆಯ ಕುರ್ಚಿಗೆ ಕಳಿಸಿದೆ. ಮನೆಯಲ್ಲಿ ಅವರ ಜಾಗ ಕಿಟಕಿ ಪಕ್ಕ, ಸೋಫಾದ ನಡುವೆ ಅಲ್ಲ. ಅರ್ಥಧಾರಿಯ ಮಾತೆಲ್ಲ ಎಡಗಡೆಯ ಸ್ಪೀಕರ್‌ಗೇ ವಾಲಿತು, ಮದ್ದಳೆ ಅದರ ಮೇಲೇ ಕೂತಿತು. ಅವರ ಮುಖದಲ್ಲಿ ಅದೇ ಹಳೆಯ ಸುಕ್ಕು.

ಹುಡುಗನಿಗೆ ಹೇಳಿ, ಹೆಚ್ಚಾಗಿ ಮಾತು ಬರುವ ನಡುವಿನ ಸ್ಪೀಕರ್ ಸೇರಿಸಿದೆ. ಎರಡು ಚಾನೆಲ್‌ನ ರೆಕಾರ್ಡಿಂಗ್ ಆದರೂ, ಎರಡರಲ್ಲೂ ಸಮನಾಗಿರುವ ದನಿಯನ್ನು ಹೆಕ್ಕಿ ನಡುವಿಗೆ ಕಳಿಸುವ ವ್ಯವಸ್ಥೆ ರಿಸೀವರ್‌ಗಳಲ್ಲಿ ಇರುತ್ತದೆ. ಡಾಲ್ಬಿ ಪ್ರೊ ಲಾಜಿಕ್ ಅಂತೆಲ್ಲ ಹೆಸರು ಕೇಳಿರಬಹುದು, ಅಂಥದ್ದು. ಮೆನುವಿನಲ್ಲಿ ನಡುವಿನ ಸ್ಪೀಕರ್ ಒಂದನ್ನೇ 3 ಡೆಸಿಬಲ್ ಏರಿಸಿಕೊಟ್ಟ. ಅಪ್ಪಯ್ಯ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. ಒಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಅದು ನಿಂತಿತು. ಭೀಷ್ಮ ಪಾತ್ರದ ಮಾತು ನಡೆಯುತ್ತಿತ್ತು. ಅದು ಒಂದು ಘಟ್ಟಕ್ಕೆ ಮುಟ್ಟುವ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈಗ ಕೇಳ್ತು," ಅಂದರು.

ಅಲ್ಲಿಂದ ಮುಂದೆ ಆಯ್ಕೆ ಕಷ್ಟವಾಗಲಿಲ್ಲ. ತಗೊಂಡದ್ದು ಯಮಹಾ ಆರ್‌ಎಕ್ಸ್-ವಿ385. 5.1 ಚಾನೆಲ್, ಎಚ್‌ಡಿಎಂಐ ಒಳಬರಲು ನಾಲ್ಕು ಕಿಂಡಿ, ಹೊರಹೋಗಲು ಒಂದು, ಎಆರ್‌ಸಿ ಇದೆ, ಜೊತೆಗೊಂದು ಪುಟ್ಟ ಮೈಕ್ ಕೊಡುತ್ತಾರೆ. ಡೆನಾನ್‌ನ ಚಿಕ್ಕ ಮಾಡೆಲ್‌ನಲ್ಲಿ ಐದು ಎಚ್‌ಡಿಎಂಐ ಇದ್ದವು, ಸೋನಿಯದ್ದೂ ನೋಡಿದೆ. ನಮ್ಮಲ್ಲಿ ಜೋಡಿಸಲು ಇರುವುದು ಡಿಶ್ ಪೆಟ್ಟಿಗೆ ಒಂದೇ. ಮೈಕ್ ಮಾತ್ರ ನನಗೆ ಬೇಕೇ ಬೇಕಿತ್ತು. ಅದನ್ನು ಕೂರುವ ಜಾಗದಲ್ಲಿಟ್ಟರೆ ರಿಸೀವರ್ ತಾನೇ ಸದ್ದು ಮಾಡಿ, ಯಾವ ಸ್ಪೀಕರ್ ಎಷ್ಟು ದೂರ, ಎಷ್ಟು ಜೋರು ಅಂತ ಅಳೆದು ಸರಿಮಾಡಿಕೊಳ್ಳುತ್ತದೆ. ಮನೆಯಲ್ಲಿ ಅದನ್ನು ಅಪ್ಪಯ್ಯನ ಕುರ್ಚಿಯಲ್ಲೇ, ಅವರ ಕಿವಿಯ ಎತ್ತರಕ್ಕೇ ಇಟ್ಟೆ.

ಉಳಿದ ದುಡ್ಡಿಗೆ ಎದುರಿನ ಎರಡು ಬುಕ್‌ಶೆಲ್ಫ್ ಸ್ಪೀಕರ್ ಮತ್ತು ನಡುವಿನದ್ದು, ಮೂರೂ ಒಂದೇ ಕಂಪನಿಯ ಒಂದೇ ಸರಣಿಯವು. ಬೇರೆ ಬೇರೆ ಆದರೆ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ದನಿಯ ಬಣ್ಣವೇ ಬದಲಾಗುತ್ತದೆ. ಹಿಂದಿನ ಸ್ಪೀಕರ್ ಇಲ್ಲ, ತಗ್ಗು ದನಿಗೆಂದೇ ಇರುವ ಸಬ್‌ವೂಫರ್ ಇಲ್ಲ. ಅವು ಇಲ್ಲ ಅಂತ ರಿಸೀವರ್‌ಗೆ ಗೊತ್ತಾದರೆ ಆ ದನಿಯನ್ನೂ ಇರುವ ಸ್ಪೀಕರ್‌ಗಳಿಗೇ ಹಂಚುತ್ತದೆ, ಸಂಭಾಷಣೆ ಏನೂ ಕಳೆದುಹೋಗುವುದಿಲ್ಲ.

ಮನೆಯಲ್ಲಿ ಜೋಡಿಸುವಾಗ ಒಂದು ಸಣ್ಣ ವಿಷಯ ಬಹಳ ಮುಖ್ಯ ಅಂತ ಕಂಡಿತು. ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಪಿಸಿಎಂ ಅಂತ ಇದ್ದರೆ ಎಆರ್‌ಸಿಯಲ್ಲಿ ಬರುವುದು ಎರಡೇ ಚಾನೆಲ್. ಅದನ್ನು ಬಿಟ್‌ಸ್ಟ್ರೀಮ್ ಅಥವಾ ಆಟೋ ಮಾಡಬೇಕು. ಆಗ ಆ್ಯಪ್‌ಗಳ 5.1 ದನಿ ಇದ್ದ ಹಾಗೇ ಬಂದು, ಸಂಭಾಷಣೆ ನೇರ ನಡುವಿನ ಸ್ಪೀಕರ್‌ಗೆ ಇಳಿಯುತ್ತದೆ.

ಆಯಿ ರಿಸೀವರ್ ಮೇಲೆ ಧೂಳು ಬೀಳದಿರಲಿ ಅಂತ ಕಸೂತಿ ಬಟ್ಟೆ ತಂದರು. ಬೇಡ ಆಯಿ, ಅದಕ್ಕೆ ಉಸಿರಾಡಬೇಕು ಅಂದೆ. ಮೇಲಿನ ಕಿಂಡಿಗಳಿಂದಲೇ ಬಿಸಿ ಹೊರಗೆ ಹೋಗುವುದು, ಮುಚ್ಚಬಾರದು. ಬಟ್ಟೆ ಈಗ ಟೀಪಾಯಿ ಮೇಲಿದೆ.

ಸಿಡಿಲಿನ ಬಗ್ಗೆ ನಮ್ಮ ಊರುಗಳವರಿಗೆ ಹೇಳಲೇಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್ ಗುಡುಗಿಗೆ ಪ್ಲಗ್ ಕಿತ್ತರೆ ಸಾಲದು. ಡಿಶ್‌ನ ಕೇಬಲ್ ಮಾಡಿನ ಮೇಲಿಂದ ಬರುತ್ತದೆ, ಸಿಡಿಲು ಅದರಲ್ಲಿ ಇಳಿದು, ಡಿಶ್ ಪೆಟ್ಟಿಗೆ ದಾಟಿ, ಎಚ್‌ಡಿಎಂಐ ವೈರಿನಲ್ಲೇ ರಿಸೀವರ್‌ಗೂ ಟಿವಿಗೂ ಹೋಗಬಹುದು. ಗುಡುಗು ಶುರುವಾಗುವ ಮೊದಲೇ ಆ ಕೇಬಲ್ಲನ್ನೂ ತಿರುಗಿಸಿ ಬಿಚ್ಚಿಡಬೇಕು. ಅರ್ಥಿಂಗ್ ನೋಡಿಸಿ. ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಬಿಗಿಯಾಗುತ್ತದೆ, ಅರ್ಥಿಂಗ್ ಸತ್ತ ಹಾಗಾಗುತ್ತದೆ. ನಾನು ಗುಂಡಿಯನ್ನು ಮತ್ತೆ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದೆ. ಮಳೆ ಹಿಡಿಯುವ ತನಕ ಒಂದಿಷ್ಟು ನೀರು ಹೊಯ್ಯುತ್ತೇನೆ. ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಆದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನಬಹುದು, ಸೈನ್ ವೇವ್ ಇದ್ದರೆ ನಿಶ್ಚಿಂತೆ.

ಮುಂದಿನದ್ದು ಸಬ್‌ವೂಫರ್. ಈ ವರ್ಷದ ಅಡಿಕೆ ದುಡ್ಡು ಬಂದ ಮೇಲೆ. ಅದು ಬಂದರೆ 80 ಹರ್ಟ್ಸ್‌ಗಿಂತ ಕೆಳಗಿನ ಭಾರವೆಲ್ಲ ಅದರ ಪಾಲಿಗೆ, ಚಿಕ್ಕ ಸ್ಪೀಕರ್‌ಗಳಿಗೆ ಆರಾಮು. ಮಗನಿಗೆ ಅದರದ್ದೇ ಕನಸು. ಅಪ್ಪಯ್ಯ ಮಾತ್ರ, ಅದು ಬಂದ ಮೇಲೆ ಚಂಡೆ ಮಾತಿನ ಮೇಲೆ ಕೂರಬಾರದು ಅಂತ ಈಗಲೇ ಹೇಳಿಟ್ಟಿದ್ದಾರೆ. ತಂದ ದಿನವೇ ಮೈಕ್ ಮತ್ತೆ ಅವರ ಕುರ್ಚಿಯಲ್ಲಿಟ್ಟು ಅಳೆಸುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.