ಶುಕ್ರವಾರದ ಚೀಲ: ಎರಡನೇ ವರ್ಷದಲ್ಲಿ ಎಲ್ಲಿಗೆ ಬಂದೆವು

ಹೋದ ವರ್ಷ ಒಂದೇ ಶಾಲೆ ಇತ್ತು, ಈಗ ಮೂರಾಗಿವೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ನಮ್ಮದೊಂದು ಸಣ್ಣ ಗುಂಪು. ಶನಿವಾರ, ಭಾನುವಾರದ ರಜೆಯಲ್ಲಿ ಮನೆಯಲ್ಲಿ ಊಟಕ್ಕೆ ತೊಂದರೆ ಇರುವ ಮಕ್ಕಳಿಗೆ ಶುಕ್ರವಾರ ಒಂದು ಚೀಲ ಆಹಾರ ಕೊಟ್ಟು ಕಳಿಸುತ್ತೇವೆ. ಗುರುವಾರ ಸಂಜೆ ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಉದ್ದಕ್ಕೆ ಮೇಜು ಹಾಕಿಕೊಂಡು ಪ್ಯಾಕಿಂಗ್. ಮರುದಿನ ಬೆಳಿಗ್ಗೆ ಕಾರಿನಲ್ಲಿ ಶಾಲೆಗೆ.

ಎಲ್ಲರೂ ಮೊದಲು ಕೇಳುವುದು ಒಂದೇ. ಮಿನ್ನೆಸೋಟದಲ್ಲಿ ಶಾಲೆಯ ಊಟ ಉಚಿತ ಅಲ್ವಾ? ಹೌದು. 2023ರ ಮಾರ್ಚ್‌ನಲ್ಲಿ ಗವರ್ನರ್ ಟಿಮ್ ವಾಲ್ಜ್ ಆ ಕಾನೂನಿಗೆ ಸಹಿ ಹಾಕಿದರು. ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ನೋಡದೆ ಮಕ್ಕಳಿಗೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ. ನಮ್ಮ ಕಡೆಯ ಬಿಸಿಯೂಟದ ಹಾಗೆಯೇ ಇಲ್ಲೂ ಒಂದೇ ತರಗತಿಯಲ್ಲಿ ಬಡವರ ಮಕ್ಕಳು, ಉಳ್ಳವರ ಮಕ್ಕಳು ಅಂತ ವಿಂಗಡಿಸುವುದಿಲ್ಲ. ಆ ಸುದ್ದಿ ಓದಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ಆದರೆ ಅದು ಶಾಲೆ ಇರುವ ದಿನದ ಊಟ. ಶುಕ್ರವಾರ ಮಧ್ಯಾಹ್ನ 12ಕ್ಕೆ ಉಂಡ ಮಗುವಿಗೆ ಶಾಲೆಯ ಮುಂದಿನ ತಿಂಡಿ ಸೋಮವಾರ ಬೆಳಿಗ್ಗೆ 8ಕ್ಕೆ. ನಡುವೆ 68 ಗಂಟೆ.

ಹೀಗೆ ಚೀಲ ಕೊಟ್ಟು ಕಳಿಸುವ ಯೋಚನೆ ಶುರುವಾದದ್ದು 1990ರ ದಶಕದಲ್ಲಿ, ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ. ಹೊಟ್ಟೆನೋವು, ತಲೆಸುತ್ತು ಅಂತ ತಮ್ಮ ಹತ್ತಿರ ಬರುವ ಮಕ್ಕಳು ಹಸಿದಿದ್ದಾರೆ ಎಂಬುದು ಶಾಲೆಯ ನರ್ಸ್ ಒಬ್ಬರಿಗೆ ಗೊತ್ತಾಯಿತು. ಅವರು ಅಲ್ಲಿನ ರೈಸ್ ಡಿಪೋ ಎಂಬ ಆಹಾರ ಹಂಚುವ ಸಂಸ್ಥೆಯ ನೆರವು ಕೇಳಿದರು. ಈಗ ಫೀಡಿಂಗ್ ಅಮೆರಿಕ ಜಾಲದ ಎಷ್ಟೋ ಫುಡ್ ಬ್ಯಾಂಕುಗಳು (ದಾನದ ಆಹಾರ ಕೂಡಿಟ್ಟು ಹಂಚುವ ಸಂಸ್ಥೆಗಳು) ಇದನ್ನು ನಡೆಸುತ್ತವೆ. ನಮ್ಮ ಊರಿನಲ್ಲೇ 2010ರಲ್ಲಿ ಶೆರಿಡನ್ ಎಂಬ ಒಂದು ಶಾಲೆಯಿಂದ ಹೊರಟ ಪ್ರಯತ್ನ ಇವತ್ತು ‘ಎವ್ರಿ ಮೀಲ್’ ಎಂಬ ದೊಡ್ಡ ಸಂಸ್ಥೆ. ನಾವು ಅದರ ಮುಂದೆ ತುಂಬ ಚಿಕ್ಕವರು.

ಶರತ್ಕಾಲ

ಶಾಲೆಗಳು ಹೆಚ್ಚಾದವು ನಿಜ. ಆದರೆ ಈ ವರ್ಷ ಜಾಸ್ತಿ ಬದಲಾದದ್ದು ಚೀಲದೊಳಗಿನ ಸಾಮಾನು. ಹೊಸ ಶಾಲೆಗಳಲ್ಲಿ ಸೊಮಾಲಿ ಮನೆಗಳ ಮಕ್ಕಳು ಬಹಳ. ಅಮೆರಿಕದಲ್ಲಿ ಸೊಮಾಲಿ ಜನ ಎಲ್ಲಕ್ಕಿಂತ ಹೆಚ್ಚು ಇರುವುದೇ ಮಿನ್ನೆಸೋಟದಲ್ಲಿ. ಅವರು ಹಂದಿಯದ್ದು ಏನನ್ನೂ ತಿನ್ನುವುದಿಲ್ಲ, ಬೇರೆ ಮಾಂಸವಾದರೆ ಹಲಾಲ್ ಆಗಿರಬೇಕು. ‘ಪೋರ್ಕ್’ ಅಂತ ದೊಡ್ಡದಾಗಿ ಬರೆದ ಡಬ್ಬಿಯನ್ನು ಪಕ್ಕಕ್ಕಿಡುವುದು ಸುಲಭ. ಸಣ್ಣ ಅಕ್ಷರದಲ್ಲಿರುವುದೇ ಕಷ್ಟ. ರೀಫ್ರೈಡ್ ಬೀನ್ಸ್ ಡಬ್ಬಿಯಲ್ಲಿ ಎಷ್ಟೋ ಸಲ ಹಂದಿ ಕೊಬ್ಬು ಇರುತ್ತದೆ. ಮಾರ್ಷ್‌ಮೆಲೋ ಬೆರೆಸಿದ ಸೀರಿಯಲ್ಲಿನಲ್ಲಿ ಹಂದಿ, ದನಗಳ ಚರ್ಮ, ಮೂಳೆಯಿಂದ ತೆಗೆಯುವ ಜಿಲಾಟಿನ್. ಮಕ್ಕಳು ಇಷ್ಟಪಡುವ ಗಮ್ಮಿ ಮಿಠಾಯಿಗಳಲ್ಲೂ ಅದೇ.

ಇಲ್ಲಿ ನಮ್ಮಂಥವರು ಉಪಯೋಗಕ್ಕೆ ಬಂದೆವು. ಈ ದೇಶಕ್ಕೆ ಬಂದ ಸಸ್ಯಾಹಾರಿ ಕನ್ನಡದ ಮನೆಯವರು ಅಂಗಡಿಯಲ್ಲಿ ಮೊದಲು ಕಲಿಯುವುದೇ ಪ್ಯಾಕೆಟ್ ತಿರುಗಿಸಿ ಹಿಂದಿನ ಸಾಲು ಓದುವುದು. ನಾನು, ನಮ್ಮ ಅತ್ತಿಗೆ, ಇನ್ನಿಬ್ಬರು ಕೂತು ಶೆಲ್ಫಿನಲ್ಲಿದ್ದ ಪ್ರತಿಯೊಂದನ್ನೂ ಓದಿ ಪಟ್ಟಿ ಮಾಡಿದೆವು. ಅದನ್ನು ಗೋಡೆಗೆ ಅಂಟಿಸಿದ್ದೇವೆ. ಈಗ ದಾನವಾಗಿ ಬಂದ ಸಾಮಾನು ಆ ಪಟ್ಟಿ ದಾಟಿಯೇ ಮೇಜಿಗೆ ಬರುತ್ತದೆ.

ಆಮೇಲೆ ಸೊಮಾಲಿ ತಾಯಿಯೊಬ್ಬರು ಪ್ಯಾಕಿಂಗ್‌ಗೆ ಬರಲು ಶುರು ಮಾಡಿದರು. ಪಾಸ್ತಾ, ಅಕ್ಕಿ, ಟ್ಯೂನಾ ಜಾಸ್ತಿ ಇಡಿ ಎಂದರು. ದಕ್ಷಿಣ ಸೊಮಾಲಿಯಾವನ್ನು ಇಟಲಿ ಆಳಿದ್ದರಿಂದ ಪಾಸ್ತಾ ಅವರಿಗೆ ದಿನದ ಮನೆಯಡುಗೆ. ತಿನ್ನದ ಡಬ್ಬಿ ಕೊಟ್ಟರೆ ಚೀಲ ತುಂಬಿರುತ್ತದೆ, ಮಗುವಿನ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಏನು ಇಡಬೇಕು ಅಂತ ಆ ಮನೆಗಳವರನ್ನೇ ಕೇಳಬೇಕು.

ಇನ್ನೊಂದು ಮಾತು. ಅಕ್ಕಿ, ಪಾಸ್ತಾ ಬೇಯಿಸಲು ದೊಡ್ಡವರು ಬೇಕು. ಶನಿವಾರವೂ ಕೆಲಸಕ್ಕೆ ಹೋಗುವ ಅಮ್ಮಂದಿರು ಇಲ್ಲಿ ಬಹಳ ಜನ. ಹಾಗಾಗಿ ಚೀಲದಲ್ಲಿ ಅರ್ಧದಷ್ಟಾದರೂ ಏಳು ವರ್ಷದ ಮಗು ಒಬ್ಬನೇ ತೆಗೆದು ತಿನ್ನುವಂಥದ್ದು ಇರಬೇಕು ಅಂತ ನಿಯಮ ಮಾಡಿಕೊಂಡೆವು. ಉಂಗುರ ಎಳೆದರೆ ತೆರೆಯುವ ಡಬ್ಬಿ, ಫ್ರಿಜ್ ಬೇಡದ ಹಾಲಿನ ಪ್ಯಾಕೆಟ್, ಓಟ್ಸ್ ಬಾರ್. ಗಾಜಿನ ಬಾಟಲಿ ಬೇಡವೇ ಬೇಡ. ಕಡಲೆಕಾಯಿ ಅಲರ್ಜಿಯ ಭಯಕ್ಕೆ ಪೀನಟ್ ಬಟರ್ ಬಿಟ್ಟು ಸೂರ್ಯಕಾಂತಿ ಬೀಜದ ಬಟರ್ ತೆಗೆದುಕೊಂಡೆವು. ಬೆಲೆ ಜಾಸ್ತಿ, ಆದರೂ ಸರಿ. ತೂಕ ಎರಡು ಕಿಲೋ ಆಸುಪಾಸು. ಮಗು ಅದನ್ನು ಹೊತ್ತು ಬಸ್ ಹತ್ತಬೇಕಲ್ಲ.

ಚಳಿಗಾಲ

ಅಕ್ಟೋಬರ್ ಮೂರನೇ ವಾರ ಇಲ್ಲಿ ಶಿಕ್ಷಕರ ಸಮ್ಮೇಳನಕ್ಕೆ ಗುರುವಾರ, ಶುಕ್ರವಾರ ರಜೆ. ಆ ವಾರ ಬುಧವಾರವೇ ಚೀಲ ಕೊಡಬೇಕು, ಅದೂ ನಾಲ್ಕು ದಿನಕ್ಕಾಗುವಷ್ಟು. ಡಿಸೆಂಬರ್ ರಜೆಗೆ ಒಂದೇ ಸಲ ಹೊರಲಾರರು ಅಂತ ಎರಡು ಸಲವಾಗಿ ಕೊಟ್ಟೆವು.

ಜನವರಿಯಲ್ಲಿ ಮೈನಸ್ 20 ಡಿಗ್ರಿ ಇಲ್ಲಿ ಅಪರೂಪವಲ್ಲ. ರಾತ್ರಿಯಿಡೀ ಕಾರಿನಲ್ಲಿ ಬಿಟ್ಟ ಡಬ್ಬಿಯೊಳಗೆ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಅಂಚಿನ ಬೆಸುಗೆ ಬಿಡುತ್ತದೆ. ಆಮೇಲೆ ಅದು ಕಸಕ್ಕೇ. ಹಾಗಾಗಿ ನವೆಂಬರ್‌ನಿಂದ ಮಾರ್ಚ್ ತನಕ ಚೀಲಗಳು ಬೇಸ್‌ಮೆಂಟಿನಲ್ಲೇ ಇರುತ್ತವೆ, ಬೆಳಿಗ್ಗೆ ಏಳಕ್ಕೆ ಬಂದು ಕಾರಿಗೆ ತುಂಬುತ್ತೇವೆ. ಅಂಚಿನಲ್ಲಿ ನಜ್ಜುಗುಜ್ಜಾದ ಡಬ್ಬಿಗಳನ್ನು ಯಾವ ಕಾಲದಲ್ಲೂ ಕೊಡುವುದಿಲ್ಲ.

ಯಾರಿಗೆ ಚೀಲ ಹೋಗುತ್ತದೆ ಎಂಬುದು ನಮಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ನಮಗೆ ಬರುವುದು ಎಷ್ಟು ಚೀಲ, ಯಾವ ಬಗೆಯದು ಎಂಬುದು ಮಾತ್ರ. ಹೆಸರು ಶಾಲೆಯ ಸೋಷಿಯಲ್ ವರ್ಕರ್ ಹತ್ತಿರ ಇರುತ್ತದೆ. ಮಕ್ಕಳು ಆಟಕ್ಕೆ ಹೋದಾಗ ಅವರೇ ಬ್ಯಾಗಿನಲ್ಲಿ ಇಟ್ಟುಬಿಡುತ್ತಾರೆ. ಸಹಪಾಠಿಗಳ ಎದುರು ಹೆಸರು ಕರೆದು ಕೊಟ್ಟರೆ ಮಗು ಹಸಿದೇ ಇರಲು ಒಪ್ಪುತ್ತದೆ ಹೊರತು ಚೀಲ ಮುಟ್ಟುವುದಿಲ್ಲ. ಚೀಲದ ಮೇಲೆ ನಮ್ಮ ಹೆಸರು, ಗುರುತು ಏನೂ ಬೇಡ ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಎಲ್ಲರೂ ಒಪ್ಪಿದರು.

ಮುಂದೆ

ಬೇಸಿಗೆ ರಜೆಗೆ ಮಿನ್ನೆಸೋಟದಲ್ಲಿ 2024ರಿಂದ ಅರ್ಹ ಮಕ್ಕಳಿಗೆ ತಲಾ 120 ಡಾಲರ್ ಸರ್ಕಾರದ ಕಾರ್ಡಿನಲ್ಲಿ ಬರುತ್ತಿದೆ. ಮೂರು ತಿಂಗಳಿಗೆ ಅದು ಸಾಲದು, ಆದರೂ ಆ ಅರ್ಜಿಯ ಮಾಹಿತಿಯನ್ನು ಮೇ ತಿಂಗಳ ಚೀಲದಲ್ಲಿ ಸೊಮಾಲಿ, ಸ್ಪ್ಯಾನಿಷ್, ಮಾಂಗ್ (ಆಗ್ನೇಯ ಏಷ್ಯಾದಿಂದ ಬಂದ ಜನರದು) ಭಾಷೆಗಳಲ್ಲಿ ಇಡುವ ಯೋಚನೆ ಇದೆ.

ನಾಲ್ಕನೇ ಶಾಲೆಯವರು ಕೇಳಿದ್ದಾರೆ. ಸಾಮಾನು ಹೊಂದಿಸಬಹುದು, ಶುಕ್ರವಾರ ಬೆಳಿಗ್ಗೆ ಓಡಿಸಲು ಜನ ಇಲ್ಲ. ಒಮ್ಮೆ ಚೀಲ ಸಿಕ್ಕ ಮಗು ಮುಂದಿನ ಶುಕ್ರವಾರವೂ ಬ್ಯಾಗ್ ತೆಗೆದು ನೋಡುತ್ತದೆ, ಸುಮ್ನೆ ನಿಲ್ಲಿಸಲು ಆಗುವುದಿಲ್ಲ. ವರ್ಷಪೂರ್ತಿ ಬರುವ ಇಬ್ಬರು ಡ್ರೈವರ್‌ಗಳು ಸಿಕ್ಕ ಮೇಲೆ ಆ ಶಾಲೆಗೆ ಹೂಂ ಅನ್ನುತ್ತೇವೆ.